ವಾಸವಿಲ್ಲದ ಗುಡ್ಲು

ಭೀಮನಬೀಡು
24 ಜೂನ್ 2024

ಶಂಕರ,

ಇಲ್ಲಿ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಕಾಗದ ಬರೆ ಎಂದು ಶುರು ಮಾಡಬೇಕು. ಮಾಡುವುದಿಲ್ಲ. ಇಲ್ಲಿ ಯಾರೂ ಕ್ಷೇಮವಾಗಿಲ್ಲ.

ಈ ಕಾಲದಲ್ಲಿ ಅಕ್ಕ ಕಾಗದ ಬರೆದಿದ್ದಾಳಲ್ಲ ಎಂದು ನಗಬೇಡ. ನಮ್ಮ ಮನೆಯೊಳಗೆ ಟವರ್ ಸಿಗುವುದಿಲ್ಲ, ನಿನಗೆ ಗೊತ್ತಿರುವುದೇ. ಸಿಗುವುದು ಹೊರಗೆ, ಹುಣಸೆ ಮರದ ಕೆಳಗೆ. ಅಲ್ಲಿ ನಿಂತರೆ ಗಾಳಿಯಿಂದ ಕರೆಂಟು ತೆಗೆಯುವ ನಿಮ್ಮ ಕಂಪನಿಯ ಫ್ಯಾನು ಮಾತಾಡಲು ಬಿಡುವುದಿಲ್ಲ. ಹೋದ ವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ಏನಕ್ಕ, ಕೇಳಿಸ್ತಾ ಇಲ್ಲ, ಲಾರಿ ಪಕ್ಕ ನಿಂತಿದ್ದೀಯಾ?" ಎಂದು ಕೇಳಿ ಇಟ್ಟುಬಿಟ್ಟೆ. ಲಾರಿಯಲ್ಲಪ್ಪ. ಲಾರಿಯಾದರೆ ಗುಂಡ್ಲುಪೇಟೆ ಕಡೆಗೋ ಕೇರಳದ ಕಡೆಗೋ ಹೋಗಿಬಿಡುತ್ತದೆ. ಇದು ಹೋಗುವುದಿಲ್ಲ.

ಅಂಗನವಾಡಿಯಲ್ಲಿ ಮಕ್ಕಳು ಮಲಗಿರುವ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಆ ಮಕ್ಕಳ ಜೊತೆ ನಾನೂ ತೂಕಡಿಸುತ್ತೇನೆ, ಆಯಾ ನನ್ನನ್ನು ಎಬ್ಬಿಸುತ್ತಾಳೆ. ಚಿಕ್ಕಮಲ್ಲಪ್ಪನವರ ಹೊಲದಲ್ಲಿ ಆ ಯಂತ್ರ ತಿರುಗಲು ಶುರುವಾಗಿ ಇವತ್ತಿಗೆ ಮೂವತ್ತೆಂಟು ದಿನ. ಆಷಾಢ ಇನ್ನೂ ಹುಟ್ಟಿಲ್ಲ, ಗಾಳಿ ಆಗಲೇ ಜೋರಾಗಿದೆ. ರೆಕ್ಕೆಯೊಂದು ಕೆಳಗೆ ಬಂದಾಗಲೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗಾಗುತ್ತದೆ. ಕುಟ್ಟುವವರಾದರೆ ಒಮ್ಮೆಯಾದರೂ ದಣಿದು ಕೂರುತ್ತಾರೆ.

ನಾನು, ನಿನ್ನ ಭಾವ ಹೇಗೋ ತಡೆಯುತ್ತೇವೆ. ಅವ್ವನ ಮಾತು ಬೇರೆ. ಪೊರೆ ತೆಗೆಸಿದ ಮೇಲೂ ಅವಳಿಗೆ ಕಣ್ಣು ಬರಲಿಲ್ಲ. ಇಷ್ಟು ವರ್ಷ ಕಿವಿಯಲ್ಲೇ ಬದುಕಿದ್ದಾಳೆ. ತೊಟ್ಟಿಗೆ ನೀರು ಬೀಳುವ ಸದ್ದು ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು, ಹಸುವಿನ ಗಂಟೆ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದಳು. ಮೇನ್ ರೋಡಿನ ಗೇಟಿನಲ್ಲಿ ಬಸ್ಸು ನಿಂತರೆ "ಶಿವಿ ಬಂದ್ಲು" ಎಂದು ಒಳಗಿನಿಂದಲೇ ಹೇಳುತ್ತಿದ್ದಳು. ಈಗ ನಾನು ಎದುರಿಗೆ ನಿಂತು ಭುಜ ಮುಟ್ಟಿದರೆ ಬೆಚ್ಚಿ ಬೀಳುತ್ತಾಳೆ. ನಿನ್ನೆ ಅಂಗಳದ ನಡುವೆ ನಿಂತು, "ಬಾಗ್ಲು ಯಾವ್ ಕಡೀಕದೆ ಕಣಮ್ಮಿ?" ಎಂದು ಕೇಳಿದಳು. ತಾನೇ ಸೆಗಣಿ ಸಾರಿಸಿದ ಅಂಗಳದಲ್ಲಿ.

ಮನೆಗೆ ಐನೂರು ಮೀಟರ್ ಒಳಗೆ ಇಂಥ ಯಂತ್ರ ನಿಲ್ಲಿಸಬಾರದು ಎಂದು ನಿಯಮ ಇದೆಯಂತೆ. ನಿನ್ನ ಭಾವ ಟೇಪು ಹಿಡಿದು ಅಳೆದರು. ಮುನ್ನೂರ ನಲವತ್ತು. ನೀನು ಅದೇ ಕಂಪನಿಯ ಫೀಲ್ಡ್ ಆಫೀಸರು. ಇದು ಹೇಗಾಯಿತು ಎಂದು ಕೇಳಿ ನೋಡು. ರಾತ್ರಿಯ ಹೊತ್ತಾದರೂ ನಿಲ್ಲಿಸಲಿ, ಅಷ್ಟೇ ನಾವು ಕೇಳುತ್ತಿರುವುದು.

ನಿನ್ನ ಅಕ್ಕ
ಶಿವಲಕ್ಷ್ಮಿ


ಚಾಮರಾಜನಗರ
8 ಜುಲೈ 2024

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಬಂತು. ಅವ್ವನ ವಿಷಯ ಓದಿ ಬೇಜಾರಾಯಿತು.

ಆಫೀಸಿನಲ್ಲಿ ವಿಚಾರಿಸಿದೆ. ಜನವಸತಿ ಇರುವ ಕಡೆ ಹಗಲು ಐವತ್ತೈದು ಡೆಸಿಬಲ್, ರಾತ್ರಿ ನಲವತ್ತೈದು ಡೆಸಿಬಲ್ ದಾಟಬಾರದು ಎಂದು ನಿಯಮ ಇರುವುದು ನಿಜ. ಡೆಸಿಬಲ್ ಎಂದರೆ ಸದ್ದಿನ ಅಳತೆ. ಐನೂರು ಮೀಟರ್ ಅಂತರದ ಮಾತೂ ನಿಜ. ಆದರೆ ಎಲ್ಲ ಪರಿಶೀಲನೆ ಆದ ಮೇಲೆಯೇ ಒಪ್ಪಿಗೆ ಕೊಟ್ಟಿರುತ್ತಾರೆ. ಫೈಲು ಸರಿಯಾಗಿದೆ. ಮುಂದಿನ ವಾರ ಶಬ್ದ ಅಳೆಯುವವರು ಬರುತ್ತಾರೆ, ಅವರು ಕೊಡುವ ವರದಿಯಂತೆ ನಡೆಯುತ್ತದೆ. ಹೊಸ ಸದ್ದು ಕಿವಿಗೆ ರೂಢಿಯಾಗಲು ಸ್ವಲ್ಪ ದಿನ ಬೇಕು ಎಂದು ನಮ್ಮ ಇಂಜಿನಿಯರು ಹೇಳಿದರು.

ಇದರ ಜೊತೆ ಒಂದು ಸಣ್ಣ ಪೊಟ್ಟಣ ಕಳಿಸಿದ್ದೇನೆ. ಕಿವಿಗೆ ಇಟ್ಟುಕೊಳ್ಳುವ ಬಿರಡೆ, ಒಳ್ಳೆಯ ಕಂಪನಿಯದು. ಮಲಗುವಾಗ ಅವ್ವನ ಕಿವಿಗೆ ಇಡು.

ಭಾವನಿಗೆ ನಮಸ್ಕಾರ ತಿಳಿಸು.

ಶಂಕರ್


ಭೀಮನಬೀಡು
2 ಆಗಸ್ಟ್ 2024

ಶಂಕರ,

ನೀನು ಕಳಿಸಿದ ಬಿರಡೆ ತಲುಪಿತು. ಹಳದಿ ಬಣ್ಣ, ನೋಡಲು ಚೆನ್ನಾಗಿದೆ. ಕಣ್ಣಿಲ್ಲದವಳ ಕಿವಿಯನ್ನೂ ಮುಚ್ಚು ಎಂದು ಕಳಿಸಿದೆಯಲ್ಲ, ನೀನು ಓದಿದ್ದಕ್ಕೂ ಸಾರ್ಥಕವಾಯಿತು. ಅವ್ವ ಅದನ್ನು ಬೆರಳಲ್ಲಿ ಹಿಸುಕಿ ನೋಡಿ, "ಏನ್ ಮಿಠಾಯಾ?" ಎಂದಳು. ಹೌದವ್ವ, ಮಗ ಕಳಿಸಿದ ಮಿಠಾಯಿ ಎಂದೆ.

ಸದ್ದು ಅಳೆಯುವವರು ಬಂದಿದ್ದರು. ನಮ್ಮಲ್ಲಿಗಲ್ಲ. ಊರೊಳಗೆ ಚಿಕ್ಕಮಲ್ಲಪ್ಪನವರ ಮನೆಗೆ ಹೋದರು. ಅದೇ ಹತ್ತಿರದ ಮನೆಯಂತೆ, ಐನೂರ ಇಪ್ಪತ್ತು ಮೀಟರ್ ದೂರ. ಹಗಲು ಹನ್ನೊಂದೂವರೆಗೆ ಪಡಸಾಲೆಯಲ್ಲಿ ಮೀಟರು ಇಟ್ಟು, ಮಜ್ಜಿಗೆ ಕುಡಿದು, ನಲವತ್ತೊಂದು ಎಂದು ಬರೆದುಕೊಂಡು ಹೋದರು. ನಾನು ಓಡಿ ಹೋಗಿ, "ನಮ್ಮನೆ ಅದಕ್ಕಿಂತ ಹತ್ತಿರ ಇದೆ ಸಾರ್, ಬನ್ನಿ" ಎಂದು ಕರೆದೆ. ಅವರಲ್ಲೊಬ್ಬ ಕಾಗದ ತಿರುವಿ ನೋಡಿ, "ನಮ್ ಲಿಸ್ಟಲ್ಲಿ ನಿಮ್ಮನೆ ಇಲ್ಲಮ್ಮ" ಅಂದ. ಲಿಸ್ಟಿನಲ್ಲಿ ಇಲ್ಲದ ಮನೆಯಲ್ಲಿ ಹುಟ್ಟಿ ಬೆಳೆದವನು ನೀನು.

ನಿಯಮದ ಮಾತು ಎತ್ತಿದೆಯಲ್ಲ, ಅದಕ್ಕೊಂದು ಹಳೆಯ ವಿಷಯ ನೆನಪು ಮಾಡುತ್ತೇನೆ. ಎಂಟು ವರ್ಷದ ಹಿಂದೆ, ಮನೆಗೆ ಕರೆಂಟು ಬರುವ ಮೊದಲು, ನಿನ್ನ ಭಾವ ಪ್ಲಾಸ್ಟಿಕ್ ಪೈಪು ಸೀಳಿ ರೆಕ್ಕೆ ಮಾಡಿ, ಗುಜರಿಯಿಂದ ಒಂದು ಮೋಟಾರು ತಂದು, ಮಾಳಿಗೆಯ ಮೇಲೆ ಪುಟ್ಟ ಫ್ಯಾನು ನಿಲ್ಲಿಸಿದ್ದರು. ಮೂರು ಮೊಳದ ರೆಕ್ಕೆ. ಎರಡು ಬಲ್ಬು ಉರಿಯುತ್ತಿತ್ತು. ಆ ಬೆಳಕಿನಲ್ಲಿ ನೀನು ಡಿಗ್ರಿ ಪರೀಕ್ಷೆಗೆ ಓದಿದೆ. ಯೋಚನೆ ಮಾಡುವಾಗ ಪೆನ್ನಿನ ಗುಂಡಿ ಟಿಕ್ ಟಿಕ್ ಎಂದು ಒತ್ತುವ ನಿನ್ನ ಚಾಳಿಗೆ, ಫ್ಯಾನಿಗಿಂತ ನಿನ್ನ ಪೆನ್ನಿನ ಕಾಟವೇ ಜಾಸ್ತಿ ಎಂದು ಭಾವ ರೇಗಿಸುತ್ತಿದ್ದರು. ಅದು ಹದಿನೇಳು ದಿನ ತಿರುಗಿತು. ತಮ್ಮ ಹಸು ಹಾಲು ಇಳಿಸುತ್ತಿಲ್ಲ ಎಂದು ಚಿಕ್ಕಮಲ್ಲಪ್ಪನವರು ಪಂಚಾಯಿತಿಗೆ ಅರ್ಜಿ ಕೊಟ್ಟರು. ಎಂಟನೇ ದಿನಕ್ಕೆ ನೋಟಿಸು ಬಂತು. ಶಬ್ದ ಮಾಲಿನ್ಯ ಎನ್ನುವ ಪದವನ್ನು ನಾವು ಮೊದಲು ಕೇಳಿದ್ದು ಆವತ್ತು. ಓದಿ ಹೇಳಿದವನು ನೀನೇ. "ಕಾನೂನು ಅಂದ್ರೆ ಕಾನೂನು ಭಾವ, ಇಳಿಸ್ಬುಡಿ" ಎಂದೆ. ಅವರು ಅದೇ ಸಂಜೆ ಇಳಿಸಿದರು.

ಈಗ ಚಿಕ್ಕಮಲ್ಲಪ್ಪನವರ ಹೊಲದಲ್ಲೇ ಆಕಾಶ ಮುಟ್ಟುವಂಥದ್ದು ನಿಂತಿದೆ. ಅವರ ಹಸು ಚೆನ್ನಾಗಿ ಹಾಲು ಇಳಿಸುತ್ತಿದೆಯೇ ಎಂದು ಆಫೀಸಿನಲ್ಲಿ ವಿಚಾರಿಸಿ ಹೇಳು.

ಶಿವಲಕ್ಷ್ಮಿ


ಚಾಮರಾಜನಗರ
11 ಆಗಸ್ಟ್ 2024

ಅಕ್ಕ,

ಸಿಟ್ಟಿನಲ್ಲಿ ಏನೇನೋ ಬರೆದಿದ್ದೀಯೆ. ನಾನು ಕಂಪನಿಯ ಮಾಲೀಕನಲ್ಲ, ಸಂಬಳಕ್ಕೆ ದುಡಿಯುವವನು.

ಜಿಲ್ಲಾ ಕಚೇರಿಗೆ ಒಂದು ಮನವಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ನಿಮ್ಮ ಮನೆಯ ಹತ್ತಿರ ಶಬ್ದ ಅಳೆಯಬೇಕು ಎಂದಷ್ಟೇ ಕೇಳು. ರೇಷನ್ ಕಾರ್ಡಿನ ನಕಲು, ಕರೆಂಟ್ ಬಿಲ್ಲು ಇಡು. ನನ್ನ ಹೆಸರು ಎಲ್ಲಿಯೂ ಹಾಕಬೇಡ. ಅದು ನನ್ನ ಮನೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಶಂಕರ್


ಚಾಮರಾಜನಗರ
ಜಿಲ್ಲಾ ಕಚೇರಿಯಿಂದ
ದಿನಾಂಕ: 18-09-2024

ಶ್ರೀಮತಿ ಶಿವಲಕ್ಷ್ಮಿ ಕೋಂ ಮಾದಣ್ಣ, ಭೀಮನಬೀಡು ಇವರಿಗೆ

ವಿಷಯ: ಪವನ ವಿದ್ಯುತ್ ಯಂತ್ರದ ಶಬ್ದದ ಬಗ್ಗೆ ತಾವು ಸಲ್ಲಿಸಿರುವ ಮನವಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಯಂತ್ರದಿಂದ 500 ಮೀಟರ್ ವ್ಯಾಪ್ತಿಯೊಳಗೆ ಯಾವುದೇ ವಾಸದ ಮನೆ ಇರುವುದಿಲ್ಲವೆಂದು ದಿನಾಂಕ 14-02-2023ರ ಸ್ಥಳ ಮಹಜರಿನಿಂದ ಕಂಡುಬಂದಿರುತ್ತದೆ. ತಾವು ನಮೂದಿಸಿರುವ ಕಟ್ಟಡವು ಸದರಿ ಮಹಜರಿನಲ್ಲಿ "ಗುಡ್ಲು, ವಾಸವಿಲ್ಲ" ಎಂದು, ಸ್ಥಳದಲ್ಲಿ ಹಾಜರಿದ್ದವರ ಹೇಳಿಕೆಯ ಮೇರೆಗೆ ದಾಖಲಾಗಿರುತ್ತದೆ. ವಾಸವಿಲ್ಲದ ಕಟ್ಟಡಕ್ಕೆ ಶಬ್ದದ ಮಿತಿ ಅನ್ವಯವಾಗುವುದಿಲ್ಲ. ಆದ ಕಾರಣ ತಮ್ಮ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ.

ತಮ್ಮ ವಿಶ್ವಾಸಿ
(ಸಹಿ)


ಭೀಮನಬೀಡು
5 ಅಕ್ಟೋಬರ್ 2024

ಶಂಕರ,

ಆ ಮಹಜರಿನ ನಕಲು ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ನಿನ್ನೆ ಬಂತು. ಒಂದೇ ಹಾಳೆ. ಕೆಳಗೆ ಅವ್ವನ ಹೆಬ್ಬೆಟ್ಟು. ಅದರ ಪಕ್ಕದಲ್ಲಿ "ಬರೆದವರು" ಎಂದು ಸಹಿ. ಆ ಸಹಿಯ ಬಾಲವನ್ನು ಎಳೆಯುವ ರೀತಿ ನನಗೆ ಗೊತ್ತು. ಆರನೇ ಕ್ಲಾಸಿನಲ್ಲಿ ನೀನು ನನ್ನ ನೋಟ್ ಪುಸ್ತಕದ ಹಿಂದೆ ಅಭ್ಯಾಸ ಮಾಡಿದ ಸಹಿ ಅದು.

ನಿನ್ನೆಯಿಂದ ಎಷ್ಟು ಸಲ ಓದಿದೆನೋ. ನಾನು ಅಂಗನವಾಡಿಗೆ, ನಿನ್ನ ಭಾವ ಗುಂಡ್ಲುಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದ ಮೇಲೆ, ಅವ್ವ ಒಬ್ಬಳೇ ಇದ್ದ ಹೊತ್ತಿನಲ್ಲಿ ನೀವು ಬಂದಿದ್ದೀರಿ. ಇದು ಮನೆಯೇ ಎಂದು ಕೇಳಿದ್ದೀರಿ. ಅವಳು ಏನೆಂದಿರಬಹುದು ಎಂದು ನನಗೆ ಹೇಳಬೇಕಾಗಿಲ್ಲ. "ಮನೆ ಎಲ್ ಬಂತು ಸ್ವಾಮಿ, ಗುಡ್ಲು" ಎಂದಿರುತ್ತಾಳೆ. ನೀನು ಗುಡ್ಲು ಎಂದು ಬರೆದುಕೊಂಡೆ.

ಗುಡ್ಲು ಎಂದರೆ ಗುಡಿಸಲು ಎಂದು ಆ ಕಚೇರಿಯವರಿಗೆ ಯಾರಾದರೂ ಅರ್ಥ ಹೇಳಿರುತ್ತಾರೆ. ನಿನಗೂ ಅದೇ ಅರ್ಥವೇ? ನಮ್ಮ ಕಡೆ ದೊಡ್ಡವರ ಎದುರಿಗೆ ಯಾರಾದರೂ ತನ್ನ ಮನೆಯನ್ನು ಮನೆ ಎನ್ನುತ್ತಾರೆಯೇ? ಚಿಕ್ಕಮಲ್ಲಪ್ಪನವರು ಮಗಳ ಮದುವೆಗೆ ಕರೆಯಲು ಬಂದಾಗ, "ನಮ್ ಗುಡ್ಲಿಗೂ ಒಂದ್ಸಲ ಬಂದೋಗಿ" ಎಂದರು. ಹೋಗಿ ನೋಡಿದರೆ ಮೂರಂತಸ್ತು, ಗ್ರಾನೈಟ್ ಮೆಟ್ಟಿಲು. ಅದನ್ನು ಗುಡ್ಲು ಎಂದು ಬರೆದೆಯಾ? ನಿನ್ನ ಮದುವೆಯ ಕಾಗದ ಹಂಚುವಾಗ ನಿನ್ನ ಮೇಷ್ಟರನ್ನು "ನಮ್ಮ ಗುಡ್ಲಿಗೆ ಬನ್ನಿ ಸಾರ್" ಎಂದು ಕರೆದವನು ನೀನು. ಮೇಷ್ಟರು, "ಗುಡ್ಲು ಅಂತೀಯಲ್ಲೋ, ಅರಮನೆ ಇದ್ದಂಗದೆ" ಎಂದರು. ಒಬ್ಬರು ಗುಡ್ಲು ಎಂದರೆ, ಅಲ್ಲ ಬುಡಿ, ಅರಮನೆ ಎನ್ನುವುದು ಎದುರಿಗಿದ್ದವರ ಕೆಲಸ. ಹುಟ್ಟಿದಾಗಿನಿಂದ ನೋಡಿದ್ದೀಯೆ. ಆ ಮಾತಿನ ಅರ್ಧ ಅವ್ವ ಹೇಳಿದಳು. ಉಳಿದರ್ಧ ನೀನು ಹೇಳಬೇಕಿತ್ತು.

"ವಾಸವಿಲ್ಲ" ಎಂದದ್ದು ಯಾರು? ಅದನ್ನು ಅವ್ವ ಹೇಳಿರುವುದಿಲ್ಲ. ಒಲೆಯ ಮುಂದೆ ಕೂತವಳು ವಾಸವಿಲ್ಲ ಎನ್ನುತ್ತಾಳೆಯೇ?

ಟ್ರಂಕಿನಿಂದ ಆ ಹಳೆಯ ನೋಟಿಸು ತೆಗೆದು ನೋಡಿದೆ, ನಿನ್ನ ಭಾವನ ಪುಟ್ಟ ಫ್ಯಾನು ಇಳಿಸಲು ಕೊಟ್ಟದ್ದು. ಅದರಲ್ಲಿ "ಅರ್ಜಿದಾರರ ವಾಸಸ್ಥಳಕ್ಕೆ ತೊಂದರೆ" ಎಂದು ಬರೆದಿದೆ. ಯಾವ ವಾಸಸ್ಥಳ? ಅವರ ಹೊಲದ ದನದ ಕೊಟ್ಟಿಗೆ. ಮೂರು ಮೊಳದ ಫ್ಯಾನಿಗೆ ಅವರ ಕೊಟ್ಟಿಗೆ ಮನೆಯಾಯಿತು. ಮುಗಿಲಿನೆತ್ತರದ ಫ್ಯಾನಿಗೆ ನಮ್ಮ ಮನೆ ಕೊಟ್ಟಿಗೆಯೂ ಆಗಲಿಲ್ಲ.

ಅವ್ವನಿಗೆ ಇದನ್ನು ಹೇಳಿಲ್ಲ. ನಿನ್ನ ಮೇಲೆ ಅವಳಿಗೆ ಇನ್ನೂ ಪ್ರೀತಿ ಇದೆ. ಇರಲಿ.

ಶಿವಲಕ್ಷ್ಮಿ


ಚಾಮರಾಜನಗರ
20 ಅಕ್ಟೋಬರ್ 2024

ಅಕ್ಕ,

ಹತ್ತು ದಿನದಿಂದ ಬರೆದು ಹರಿದು ಹಾಕಿದ್ದೇನೆ. ಇದನ್ನೂ ಹರಿಯುವ ಮೊದಲು ಅಂಚೆಗೆ ಹಾಕುತ್ತೇನೆ.

ನಾನು ಬಂದಿದ್ದೆ. ಐದು ಜನರಿದ್ದೆವು. ಮ್ಯಾನೇಜರು ಮುಂದಿದ್ದರು, ನಾನು ಕೊನೆಯಲ್ಲಿ, ಕಾಗದ ಪೆನ್ನು ಹಿಡಿದು ಸೀಗೆ ಬೇಲಿಯ ಹತ್ತಿರ ನಿಂತಿದ್ದೆ. ಆಗ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಕಾಯಂ ಆಗಿರಲಿಲ್ಲ. ಆ ಒಂದು ಮನೆ ಲೆಕ್ಕಕ್ಕೆ ಬಂದರೆ ಯಂತ್ರವನ್ನು ಬೇರೆಯವರ ಹೊಲಕ್ಕೆ ಸರಿಸಬೇಕಾಗಿತ್ತು, ಚಿಕ್ಕಮಲ್ಲಪ್ಪನವರ ಒಪ್ಪಂದ ಮುರಿಯುತ್ತಿತ್ತು. ಬರುವಾಗ ಜೀಪಿನಲ್ಲೇ ಮ್ಯಾನೇಜರು, "ಅಲ್ಲೊಂದು ಶೆಡ್ ಇದೆ, ಅದನ್ನ ಕ್ಲಿಯರ್ ಮಾಡ್ಕೊಬೇಕು" ಎಂದಿದ್ದರು. ಅದು ಶೆಡ್ ಅಲ್ಲ ಸಾರ್ ಎನ್ನಲು ನನಗೆ ಬಾಯಿ ಬರಲಿಲ್ಲ. ಅಂದಿದ್ದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು.

ಅವ್ವ ಚೊಂಬಿನಲ್ಲಿ ನೀರು ತಂದಳು. ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಅವಳು ಆ ಚೊಂಬನ್ನು ಹಿಡಿದುಕೊಂಡೇ ಮಾತಾಡಿದಳು. ನೀನು ಬರೆದಿರುವ ಮಾತನ್ನೇ ಆಡಿದಳು, ಒಂದಕ್ಷರ ಹೆಚ್ಚಿಲ್ಲ. ನಾನು ಬಾಯಿ ತೆರೆದರೆ ಅವಳು ಮಗಾ ಎಂದು ಕರೆಯುತ್ತಾಳೆ ಎಂದು ಹೆದರಿ ಉಸಿರು ಬಿಗಿಹಿಡಿದು ನಿಂತೆ. ಅವಳಿಗೆ ಕಣ್ಣು ಕಾಣುವುದಿಲ್ಲ ಎಂಬುದು ಆವತ್ತು ನನಗೆ ಅನುಕೂಲವಾಯಿತು. ಹೆಬ್ಬೆಟ್ಟು ಹಾಕಿಸಿಕೊಂಡವರು ಬೇರೆಯವರು. ವಾಸವಿಲ್ಲ ಎಂದು ಸೇರಿಸಲು ಮ್ಯಾನೇಜರು ಹೇಳಿದರು. ಬರೆದದ್ದು ನಾನು.

ಅವ್ವ ಹೇಳಿದ್ದನ್ನೇ ಬರೆದೆ ಎಂದು ಇಪ್ಪತ್ತು ತಿಂಗಳಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ನಿನ್ನ ಕಾಗದ ಬಂದ ಮೇಲೆ ಅದನ್ನು ಹೇಳಿಕೊಳ್ಳಲು ಆಗುತ್ತಿಲ್ಲ.

ಏನಾದರೂ ಮಾಡುತ್ತೇನೆ. ಸ್ವಲ್ಪ ಸಮಯ ಕೊಡು. ನಾನು ಅಲ್ಲಿ ನಿಂತಿದ್ದೆ ಎಂದು ಮಾತ್ರ ಅವ್ವನಿಗೆ ಹೇಳಬೇಡ.

ಶಂಕರ


ಉಮ್ಮತ್ತೂರು
25 ನವೆಂಬರ್ 2024
(ಕಾರ್ಡು)

ಶಂಕರ್ ಅವರಿಗೆ,

ಅವ್ವ ಬಿದ್ದಳು. ಅಕ್ಟೋಬರ್ 29, ಸಂಜೆ. ಕೊಟ್ಟಿಗೆ ಎಂದುಕೊಂಡು ಎದುರು ದಿಕ್ಕಿಗೆ ಹೋಗಿ ಪೈಪಿಗೆ ತೋಡಿದ್ದ ಗುಂಡಿಗೆ ಬಿದ್ದಿದ್ದಾಳೆ. ಕೂಗಿದ್ದಾಳೆ. ನಾವಿಬ್ಬರೂ ಮನೆಯಲ್ಲೇ ಇದ್ದೆವು, ಕೇಳಿಸಲಿಲ್ಲ. ಸೊಂಟದ ಮೂಳೆ ಮುರಿದಿದೆ. ಮೈಸೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದೆವು. ನಿಮಗೆ ಹೇಳಿಕಳಿಸಲಿಲ್ಲ, ಬೇಕೆಂದೇ.

ಈಗ ಇಲ್ಲಿ ಭಾವನ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದೇವೆ. ನಾನು ಅಂಗನವಾಡಿಗೆ ರಜೆ ಹಾಕಿದ್ದೇನೆ. ಬರುವುದು ಬೇಡ.

ಶಿವಲಕ್ಷ್ಮಿ


ಚಾಮರಾಜನಗರ
27 ಡಿಸೆಂಬರ್ 2024

ಅಕ್ಕ,

ಬಹುವಚನದಲ್ಲಿ ಬರೆದಿದ್ದೀಯೆ. ಬೈದು ಬರೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡು ಸಲ ಉಮ್ಮತ್ತೂರಿನ ಬಸ್ಸು ಹತ್ತಿ ಕೂತು, ಹೊರಡುವ ಮೊದಲು ಇಳಿದುಬಿಟ್ಟೆ.

ಒಂದು ಕೆಲಸ ಮಾಡಿದ್ದೇನೆ. ಆ ಕಟ್ಟಡ ನನ್ನ ತಾಯಿಯ ವಾಸದ ಮನೆ, ಮಹಜರಿನಲ್ಲಿ ನಾನು ಬರೆದದ್ದು ಸುಳ್ಳು ಎಂದು ಜಿಲ್ಲಾ ಕಚೇರಿಗೆ ಪ್ರಮಾಣಪತ್ರ ಸಲ್ಲಿಸಿದೆ. ಕೆಲಸದಿಂದ ತೆಗೆದರು. ಅದು ದೊಡ್ಡ ವಿಷಯವೇನಲ್ಲ, ನಿನಗೆ ಹೇಳಿಕೊಳ್ಳಲೂ ಬರೆಯುತ್ತಿಲ್ಲ. ಬರೆಯುತ್ತಿರುವುದು ಏಕೆಂದರೆ, ಕಚೇರಿಯವರು ಮರುಪರಿಶೀಲನೆಗೆ ಒಪ್ಪಿದ್ದಾರೆ. ಜನವರಿ 21, ಬೆಳಿಗ್ಗೆ ಹತ್ತಕ್ಕೆ ಭೀಮನಬೀಡಿಗೆ ಬರುತ್ತಾರೆ. ಅಲ್ಲಿ ಜನ ವಾಸ ಇದ್ದಾರೆ ಎಂದು ಕಣ್ಣಾರೆ ಕಂಡರೆ ಮನೆ ಎಂದು ತಿದ್ದುತ್ತಾರೆ, ಆಮೇಲೆ ಅಲ್ಲಿಯೇ ಶಬ್ದ ಅಳೆಯುತ್ತಾರೆ. ಮಿತಿ ದಾಟಿದರೆ ಯಂತ್ರ ನಿಲ್ಲಿಸಲೇಬೇಕು.

ಆವತ್ತೊಂದು ದಿನ ಬನ್ನಿ. ನೀನು ಅಥವಾ ಭಾವ, ಒಬ್ಬರಾದರೂ ಸಾಕು. ಹಿಂದಿನ ದಿನವೇ ಬಂದು ಬಾಗಿಲು ತೆಗೆದು, ಒಲೆ ಹಚ್ಚಿ, ನಾಲ್ಕು ಬಟ್ಟೆ ಒಣಹಾಕಿದರೂ ಆಗುತ್ತದೆ. ಗಾಡಿಯ ವ್ಯವಸ್ಥೆ ನಾನು ಮಾಡುತ್ತೇನೆ. ಕೈ ಮುಗಿಯುತ್ತೇನೆ.

ನಿನ್ನ ತಮ್ಮ
ಶಂಕರ


ಚಾಮರಾಜನಗರ
22 ಜನವರಿ 2025

ಅಕ್ಕ,

ನಿನ್ನೆ ಹೋಗಿದ್ದೆ. ನೀವು ಬರಬಹುದು ಎಂದು ಒಂಬತ್ತರಿಂದಲೇ ಗೇಟಿನಲ್ಲಿ ಕಾದೆ. ಎರಡು ಬಸ್ಸು ಬಂದು ಹೋದವು.

ಕಚೇರಿಯವರು ಹತ್ತೂವರೆಗೆ ಬಂದರು. ಒಳ್ಳೆಯ ಮನುಷ್ಯ, ವಯಸ್ಸಾದವರು. ಬಾಗಿಲಿಗೆ ಬೀಗ. ಜಗುಲಿಯ ಮೇಲೆ ಎಲೆ ಬಿದ್ದು ತುಂಬಿದೆ. ಕೊಟ್ಟಿಗೆ ಖಾಲಿ. ಅಂಗಳದಲ್ಲಿ ತುಂಬೆ ಗಿಡ ಎದ್ದಿದೆ. "ಇದು ಮನೇನಾ?" ಎಂದು ಅವರು ಕೇಳಿದರು. ಹೌದು ಸಾರ್, ಮನೆ, ನಮ್ಮ ಮನೆ ಎಂದು ಗಟ್ಟಿಯಾಗಿ ಹೇಳಿದೆ. ಎರಡು ಸಲ ಹೇಳಿದೆ. "ಯಾರಿದಾರಪ್ಪ ಇಲ್ಲಿ?" ಎಂದರು. ಇದ್ದರು, ಈ ಸದ್ದಿಗೇ ಬಿಟ್ಟು ಹೋದರು ಎಂದೆ. ಅವರು ತಲೆಯೆತ್ತಿ ನೋಡಿದರು. ಗಾಳಿ ಬಿದ್ದು ಹೋಗಿತ್ತು. ಫ್ಯಾನು ತಿರುಗುತ್ತಲೇ ಇರಲಿಲ್ಲ. "ಸದ್ದೇ ಇಲ್ವಲ್ಲಪ್ಪ" ಎಂದರು. ವ್ಯಂಗ್ಯದಿಂದ ಹೇಳಲಿಲ್ಲ, ನಿಜವಾಗಿಯೂ ಕೇಳಿಸುತ್ತಿರಲಿಲ್ಲ.

ಅಲ್ಲಿಯೇ ನಿಂತು ಬರೆದರು. ಕಟ್ಟಡ ಇದೆ, ವಾಸವಿಲ್ಲ. ಈ ಸಲ ಅದು ಸುಳ್ಳಲ್ಲ. ಹಾಜರಿದ್ದವರು ಎಂದು ನನ್ನ ಸಹಿ ಕೇಳಿದರು. ಹಾಕಿದೆ.

ಅವ್ವನನ್ನು ಒಂದು ಸಲ ನೋಡಿಕೊಂಡು ಹೋಗಲೇ? ಬಾಗಿಲಲ್ಲೇ ನಿಂತು ನೋಡಿ ಬರುತ್ತೇನೆ.

ಶಂಕರ


ಉಮ್ಮತ್ತೂರು
2 ಫೆಬ್ರವರಿ 2025

ಶಂಕರ,

ಇಪ್ಪತ್ತೊಂದಕ್ಕೆ ಬರಬಹುದಿತ್ತು. ನಿನ್ನ ಭಾವ ಹೊರಟು ನಿಂತಿದ್ದರು, ಬೇಡ ಎಂದವಳು ನಾನು. ಒಂದು ದಿನದ ಮಟ್ಟಿಗೆ ಒಲೆ ಹಚ್ಚಿ ಹೊಗೆ ಎಬ್ಬಿಸಿ, ಒಗೆದ ಬಟ್ಟೆಯನ್ನೇ ಮತ್ತೆ ನೆನೆಸಿ ಒಣಹಾಕಿ, ನಾವು ಇಲ್ಲೇ ಇದ್ದೇವೆ ಸ್ವಾಮಿ ಎಂದು ಕೈ ಕಟ್ಟಿ ನಿಲ್ಲಬೇಕಿತ್ತು. ನಾವು ಇದ್ದಾಗ ಇಲ್ಲ ಎಂದು ಬರೆದಿರಿ. ಇಲ್ಲದಾಗ ಇದ್ದೇವೆ ಎಂದು ನಾಟಕ ಆಡಿದ್ದರೆ ಆಗ ಮನೆ ಎನ್ನುತ್ತಿದ್ದಿರಿ. ಸುಳ್ಳು ಹೇಳಿ ನಮ್ಮ ಮನೆಯನ್ನು ಮನೆ ಎನ್ನಿಸಿಕೊಳ್ಳುವ ಗತಿ ನಮಗೆ ಬಂದಿಲ್ಲ.

ಕೆಲಸ ಹೋಯಿತು ಎಂದು ಬರೆದಿದ್ದೆ. ಓದಿ ನನಗೆ ಅಯ್ಯೋ ಅನ್ನಿಸಲಿಲ್ಲ, ಸಂತೋಷವೂ ಆಗಲಿಲ್ಲ. ಇದ್ದದ್ದನ್ನು ಹೇಳುತ್ತಿದ್ದೇನೆ.

ಇಲ್ಲಿ ಸದ್ದಿಲ್ಲ. ಅವ್ವ ಮಲಗಿದಲ್ಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಆದರೆ ಇದು ಅವಳದಲ್ಲದ ಮನೆ, ಯಾವ ಸದ್ದು ಯಾವುದರದು ಎಂದು ಗೊತ್ತಾಗುವುದಿಲ್ಲ. ಎದ್ದು ಓಡಾಡಿ ಕಲಿಯಲು ಕಾಲಿಲ್ಲ. ಅದೇನು, ಇದೇನು ಎಂದು ದಿನವಿಡೀ ಕೇಳುತ್ತಾಳೆ, ನಾನು ಹೇಳುತ್ತೇನೆ. ಮನೆಯವರು ಒಳ್ಳೆಯವರು. ಆದರೂ ಯಾರಾದರೂ ಮಾತಾಡಿಸಲು ಬಂದರೆ, ನಮ್ಮ ಗುಡ್ಲಿಗೆ ಬನ್ನಿ ಎನ್ನುತ್ತಿದ್ದವಳು ಈಗ ಯಾರನ್ನೂ ಕರೆಯುವುದಿಲ್ಲ. ಕರೆಯಲು ಏನಿದೆ?

ಬಂದು ನೋಡಿಕೊಂಡು ಹೋಗಲೇ ಎಂದು ಕೇಳಿದ್ದೀಯೆ. ಬೇಡ ಎಂದು ಬರೆಯುವವಳಿದ್ದೆ. ಆಮೇಲೆ, ಅದನ್ನು ಹೇಳಬೇಕಾದವಳು ನಾನಲ್ಲ, ಅವಳು ಎನ್ನಿಸಿತು. ನಿನ್ನ ಎಲ್ಲ ಕಾಗದವನ್ನೂ ಅವಳಿಗೆ ಓದಿ ಹೇಳಿದೆ. ಹೇಳಬೇಡ ಎಂದಿದ್ದನ್ನೂ ಓದಿದೆ. ನಿನ್ನ ಗುಟ್ಟು ಕಾಯುವ ಬುದ್ಧಿ ನನಗೆ ಉಳಿದಿಲ್ಲ.

ಅವಳು ಅಳಲಿಲ್ಲ. ಕೊನೆಯ ಕಾಗದ ಮಡಿಸಿದ ಮೇಲೆ ಹೇಳಿದಳು. ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

"ಅವ್ನು ಬಂದಿದ್ದು ನಂಗೊತ್ತಿತ್ತು ಕಣಮ್ಮಿ. ಬೇಲಿ ತಾವ ಪೆನ್ನು ಟಿಕ್ ಟಿಕ್ ಅಂತಿತ್ತು. ಆಗ ಆ ಸದ್ದೂ ಕೇಳೋದು. ನೀರು ತಂದದ್ದು ಅವ್ನಿಗೇಯ. ಮಗ ದೊಡ್ಡೋರ ಜೊತ್ಗೆ ಬಂದವ್ನೆ, ನಾನು ಮನೆ ಗಿನೆ ಅಂತ ಜಂಬ ಕೊಚ್ಕಂಡ್ರೆ ಅವ್ನಿಗೆ ಅವಮಾನ ಅಂತ ಗುಡ್ಲು ಸ್ವಾಮಿ ಅಂದೆ. ಅವ್ನು ಏನಾರ ಅಂದಾನು ಅಂತ ಕಾದೆ. ಅರಮನೆ ಅನ್ನೋದು ಬ್ಯಾಡ. ಮನೆ ಅಂದಿದ್ರೆ ಸಾಕಾಗಿತ್ತು."

ಮತ್ತೆ, "ಬರೋದಾದ್ರೆ ಬರ್ಲಿ. ಬಾಗ್ಲಲ್ಲಿ ಸುಮ್ನೆ ನಿಂತ್ಕಬ್ಯಾಡ ಅನ್ನು. ನಂಗೆ ಗೊತ್ತಾಯ್ತದೆ" ಎಂದಳು.

ಶಿವಲಕ್ಷ್ಮಿ